ಒಂದೇ ಕಚೇರಿ, ಬೇರೆ ಬೇರೆ ವಯಸ್ಸು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಕೆಲಸದ ಜಾಗದಲ್ಲಿ ಹಿರಿಯರಿಗೂ ಕಿರಿಯರಿಗೂ ಆಗುವ ತಿಕ್ಕಾಟದ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಲ ತೆಗೆದುಕೊಂಡಿದ್ದೇವೆ. ಊರಿನ ಹೆಸರು ಉಳಿಸಿ, ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನನಗೆ 29 ವರ್ಷ. ಬ್ಯಾಂಕ್ ಶಾಖೆಯೊಂದರಲ್ಲಿ ಅಸಿಸ್ಟೆಂಟ್ ಮ್ಯಾನೇಜರ್. ನಮ್ಮ ಹಿರಿಯ ಕ್ಯಾಷಿಯರಿಗೆ 58. ನೋಟು ಎಣಿಸುವುದರಲ್ಲಿ, ಗಿರಾಕಿಗಳನ್ನು ಮಾತಾಡಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ಕಂಪ್ಯೂಟರಿನಲ್ಲಿ ತುಂಬಾ ನಿಧಾನ, ಎಂಟ್ರಿ ಮಾಡಲು ಪಕ್ಕದ ಹುಡುಗನನ್ನು ಕರೆಯುತ್ತಾರೆ. ನನ್ನನ್ನು ಗಿರಾಕಿಗಳ ಎದುರೇ "ಏನಮ್ಮಾ ಪುಟ್ಟಿ" ಅನ್ನುತ್ತಾರೆ. "ಈ ವಯಸ್ಸಲ್ಲಿ ಇನ್ನೇನು ಕಲಿತಾರೆ, ಬಿಡಿ ಮೇಡಂ" ಎನ್ನುವುದು ಉಳಿದವರ ಮಾತು. ಏನು ಮಾಡಲಿ? (ಶಿರಸಿ)

ಉತ್ತರ: ಮೊದಲು ಲೆಕ್ಕ ಹಾಕಿ. ನಮ್ಮ ಬ್ಯಾಂಕುಗಳಿಗೆ ಕೋರ್ ಬ್ಯಾಂಕಿಂಗ್ (ಎಲ್ಲ ಶಾಖೆಗಳ ಖಾತೆಗಳೂ ಒಂದೇ ಕಂಪ್ಯೂಟರ್ ಜಾಲಕ್ಕೆ ಸೇರುವ ವ್ಯವಸ್ಥೆ) ಬಂದದ್ದು 2000ರ ದಶಕದಲ್ಲಿ. ಅಂದರೆ ನಿಮ್ಮ ಕ್ಯಾಷಿಯರ್ ಹೆಚ್ಚುಕಡಿಮೆ 20 ವರ್ಷದಿಂದ ಕಂಪ್ಯೂಟರ್ ಮುಂದೆ ಕೂತವರೇ. ಲೆಡ್ಜರಿನಿಂದ ಸ್ಕ್ರೀನಿಗೆ ಬರುವ ದೊಡ್ಡ ಬದಲಾವಣೆಯನ್ನು ಅವರು ಆಗಲೇ ದಾಟಿಯಾಗಿದೆ. ಹಾಗಿರುವಾಗ ಈಗ ನಿಧಾನವಾಗಿದ್ದಾರೆ ಅಂದರೆ "ಕಲಿಯಲಾರರು" ಎಂಬ ತೀರ್ಮಾನಕ್ಕಿಂತ ಮುಂಚೆ ಅವರ ಕನ್ನಡಕ ನೋಡಿ.

ಎರಡು ಪವರಿನ ಬೈಫೋಕಲ್ ಕನ್ನಡಕವಾಗಿದ್ದರೆ, ಓದುವ ಪವರ್ ಇರುವುದು ಗಾಜಿನ ಕೆಳಭಾಗದಲ್ಲಿ. ಅದು ಸುಮಾರು 40 ಸೆಂಟಿಮೀಟರ್ ದೂರದ ಪಾಸ್‌ಬುಕ್ ಓದಲು ಹೊಂದಿಸಿದ್ದು. ಮಾನಿಟರ್ ಇರುವುದು 60 ಸೆಂಟಿಮೀಟರ್ ಆಚೆ, ಅದೂ ಕಣ್ಣಿನ ಎತ್ತರಕ್ಕೆ. ಗಾಜಿನ ಮೇಲ್ಭಾಗದಿಂದ ನೋಡಿದರೆ ಮಂಜು, ಕೆಳಭಾಗದಿಂದ ನೋಡಲು ಗದ್ದ ಮೇಲೆತ್ತಬೇಕು, ಎತ್ತಿದರೂ ಅಕ್ಷರ ಪೂರ್ತಿ ಸ್ಪಷ್ಟವಿಲ್ಲ. ಅವರು ಗದ್ದ ಎತ್ತಿ, ಮುಂದಕ್ಕೆ ಬಾಗಿ, ಮತ್ತೆ ಹಿಂದೆ ಸರಿದು ನೋಡುತ್ತಿದ್ದರೆ ತೊಂದರೆ ಇಲ್ಲೇ ಇದೆ. ಖಾತೆ ನಂಬರಿನಲ್ಲಿ 3 ಮತ್ತು 8 ಒಂದೇ ಥರ ಕಂಡರೆ ಯಾರಾದರೂ ಪಕ್ಕದವರನ್ನು ಕರೆಯುತ್ತಾರೆ. ಅಂಥ ಕಡೆ ತಪ್ಪು ಹಾಕದೆ ಕೇಳುವವರು ಒಳ್ಳೆಯ ಕ್ಯಾಷಿಯರ್.

ಇದಕ್ಕೆ ಅರ್ಧ ಗಂಟೆ ಸಾಕು. ಮಾನಿಟರನ್ನು ಕೆಳಗಿಳಿಸಿ, ಮೇಲಂಚು ಕಣ್ಣಿನ ಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗಿರಲಿ, ಪರದೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ. ಬ್ರೌಸರಿನಲ್ಲಿ ಕಂಟ್ರೋಲ್ ಮತ್ತು ಪ್ಲಸ್ ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, 125 ಪ್ರತಿಶತ ಇಟ್ಟು ನೋಡಿ. ಇಡೀ ಪರದೆಯ ಅಳತೆ ಬದಲಿಸಲು ಅನುಮತಿ ಇಲ್ಲದಿದ್ದರೆ ಐಟಿ ವಿಭಾಗಕ್ಕೆ ನೀವೇ ಬರೆಯಿರಿ, ಅವರಿಂದ ಬರೆಸಬೇಡಿ. ಬೆನ್ನ ಹಿಂದಿನ ಟ್ಯೂಬ್‌ಲೈಟ್ ಪರದೆಯಲ್ಲಿ ಹೊಳೆಯುತ್ತಿದ್ದರೆ ಕುರ್ಚಿಯ ದಿಕ್ಕು ತಿರುಗಿಸಿ. ಇಷ್ಟಾದರೂ ಕಷ್ಟವಿದ್ದರೆ ಕಣ್ಣಿನಿಂದ ಪರದೆಗೆ ಎಷ್ಟು ದೂರ ಎಂದು ಟೇಪ್ ಹಿಡಿದು ಅಳೆದು, ಆ ಅಳತೆಯನ್ನು ಕಣ್ಣು ಪರೀಕ್ಷಿಸುವವರಿಗೆ ಹೇಳಲಿ. ಆ ದೂರಕ್ಕೆಂದೇ ಒಂದೇ ಪವರಿನ ಕನ್ನಡಕ ಮಾಡಿಕೊಡುತ್ತಾರೆ. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಗಡುಸಾಗುವುದು ಎಲ್ಲರಿಗೂ ಆಗುವ ಸಂಗತಿ. ನಿಮಗೂ ಇನ್ನು ಹದಿನೈದು ವರ್ಷಕ್ಕೆ ಬರುತ್ತದೆ.

ಎರಡನೆಯದು ಇನ್ನೂ ಮುಖ್ಯ. ಪಕ್ಕದ ಹುಡುಗ ಎಂಟ್ರಿ ಮಾಡುವುದು ಯಾರ ಯೂಸರ್ ಐಡಿಯಲ್ಲಿ? ಹಿರಿಯರು "ನೀನೇ ಹಾಕಪ್ಪಾ" ಅಂತ ಪಾಸ್‌ವರ್ಡ್ ಕೊಟ್ಟಿದ್ದರೆ, ಇಂದೇ ನಿಲ್ಲಿಸಿ. ಎಂಟ್ರಿ ಒಬ್ಬರದು, ಅದನ್ನು ನೋಡಿ ಒಪ್ಪುವ ಪಾಸಿಂಗ್ ಇನ್ನೊಬ್ಬರದು ಎಂಬ ವ್ಯವಸ್ಥೆಯೇ ಅಲ್ಲಿ ಕುಸಿಯುತ್ತದೆ. ನಾಳೆ 5,000 ಜಾಗದಲ್ಲಿ 50,000 ಬಿದ್ದರೆ ದಾಖಲೆಯಲ್ಲಿ ಸಿಗುವುದು ಹಿರಿಯರ ಹೆಸರು. ನಿವೃತ್ತಿಗೆ ಎರಡು ವರ್ಷ ಇರುವಾಗ ಇಲಾಖಾ ವಿಚಾರಣೆ ಶುರುವಾದರೆ ಅವರ ಪಾಡೇನು? ಇದನ್ನು ಬೆದರಿಕೆಯಂತೆ ಹೇಳದೆ, ಅವರ ಹಿತಕ್ಕೆಂದು ಹೇಳಿ. ಹುಡುಗ ಪಕ್ಕ ನಿಂತು ಬಾಯಲ್ಲಿ ಹೇಳಲಿ, ಕೀಲಿ ಒತ್ತುವುದು ಹಿರಿಯರ ಬೆರಳೇ ಆಗಿರಲಿ. ಮೂರು ವಾರ ಹೀಗೆ ನಡೆದರೆ ದಿನನಿತ್ಯದ ಏಳೆಂಟು ಬಗೆಯ ಎಂಟ್ರಿಗಳು ಕೈಗೆ ಕೂರುತ್ತವೆ. "ಕಂಪ್ಯೂಟರ್ ಹುಡುಗರಿಗೆ, ಜನ ಹಿರಿಯರಿಗೆ" ಅಂತ ಕೆಲಸ ಹಂಚುವುದು ಸುಲಭ ಅನ್ನಿಸುತ್ತದೆ, ಆದರೆ ಹಾಗೆ ಮಾಡಬೇಡಿ. ಹಿರಿಯರು ಕಲಿಯುವುದು ಅಲ್ಲಿಗೇ ನಿಲ್ಲುತ್ತದೆ, ಕಿರಿಯರು ರಾತ್ರಿ ಎಂಟರವರೆಗೆ ಕೂರುತ್ತಾರೆ, ಗಿರಾಕಿ ಜೊತೆ ಮಾತಾಡುವುದನ್ನು ಅವರೂ ಕಲಿಯುವುದಿಲ್ಲ.

ಇನ್ನು "ಪುಟ್ಟಿ". ಒಳಗೆ, ಒಬ್ಬರೇ ಇದ್ದಾಗ, ಒಂದೇ ಸಲ ಹೇಳಿ: "ಸರ್, ಚಹಾ ಕುಡಿಯುವಾಗ ನೀವು ಹೇಗೆ ಕರೆದರೂ ನನಗೆ ಸಂತೋಷವೇ. ಕೌಂಟರಲ್ಲಿ ಮಾತ್ರ ಮೇಡಂ ಅನ್ನಿ. ಇಲ್ಲಾಂದ್ರೆ ನಾನು ಸಹಿ ಹಾಕಲ್ಲ ಅಂದ ಕಾಗದಕ್ಕೂ ಗಿರಾಕಿಗಳು ನಿಮ್ಮ ಹತ್ತಿರ ಬಂದು ಜಗಳ ಮಾಡ್ತಾರೆ." ಕಾರಣ ಕೆಲಸದ್ದಾಗಿದ್ದರೆ ಮಾತು ನಾಟುತ್ತದೆ. ನೀವೂ ಅವರನ್ನು ಎಲ್ಲರೆದುರು ತಿದ್ದಬೇಡಿ.

ಒಂದು ಮಾತು ಸೇರಿಸಬೇಕು. 1990ರ ದಶಕದಲ್ಲಿ ಸರ್ಕಾರಿ ಬ್ಯಾಂಕುಗಳಲ್ಲಿ ನೇಮಕಾತಿ ತೀರಾ ಕಡಿಮೆಯಾಯಿತು. 2000–01ರಲ್ಲಿ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಬಹಳ ಜನ ಹೊರನಡೆದರು. 2011ರಲ್ಲಿ ಬ್ಯಾಂಕ್ ನೌಕರಿಗೆ ಆಯ್ಕೆ ನಡೆಸುವ ಐಬಿಪಿಎಸ್ ಸಂಸ್ಥೆಯ ಸಾಮಾನ್ಯ ಪರೀಕ್ಷೆ ಶುರುವಾದ ಮೇಲೆ ಹೊಸಬರು ದಂಡಿಯಾಗಿ ಬಂದರು. ಹೀಗಾಗಿ ಎಷ್ಟೋ ಶಾಖೆಗಳಲ್ಲಿ ಅಪ್ಪನ ವಯಸ್ಸಿನವರಿದ್ದಾರೆ, ಮಕ್ಕಳ ವಯಸ್ಸಿನವರಿದ್ದಾರೆ, ನಡುವೆ ಅಣ್ಣ ಅಕ್ಕ ಅನ್ನಬಹುದಾದವರು ಕಡಿಮೆ. ಮಾತನ್ನು ಅತ್ತಿಂದಿತ್ತ ದಾಟಿಸುವವರೇ ಇಲ್ಲದ ಮನೆಯಂತೆ ಅದು. ಆ ಕೆಲಸ ಈಗ ನಿಮ್ಮ ಮೇಲೆ ಬಿದ್ದಿದೆ.

ಪ್ರಶ್ನೆ: ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಎಚ್‌ಆರ್ ಕೆಲಸ. ತರಬೇತಿ ಕೊಡಲು ಬಂದವರು ಹುಟ್ಟಿದ ವರ್ಷದ ಮೇಲೆ ಬೂಮರ್, ಜೆನ್ ಎಕ್ಸ್, ಮಿಲೆನಿಯಲ್, ಜೆನ್ ಝಡ್ ಎಂದು ಪಟ್ಟಿ ಕೊಟ್ಟು, ಯಾರು ಹೇಗೆ, ಅವರನ್ನು ಹೇಗೆ ನಿಭಾಯಿಸಬೇಕು ಎಂದು ಹೇಳಿಹೋದರು. ಜೆನ್ ಝಡ್‌ನವರು ಕೆಲಸದಲ್ಲಿ ನಿಲ್ಲುವುದಿಲ್ಲವಂತೆ. ಇದು ಎಷ್ಟು ನಿಜ? (ಮಂಡ್ಯ)

ಉತ್ತರ: ಆ ಪಟ್ಟಿ ಅಮೆರಿಕದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ 1946ರಿಂದ 1964ರವರೆಗೆ ಜನನ ಸಂಖ್ಯೆ ಏರಿತು, ಅದಕ್ಕೆ "ಬೇಬಿ ಬೂಮ್" ಎಂಬ ಹೆಸರು. ಅದೇ ಅವಧಿಯಲ್ಲಿ ನಮ್ಮಲ್ಲಿ ದೇಶ ವಿಭಜನೆ, ಆಹಾರದ ಅಭಾವ, ಭಾಷಾವಾರು ಪ್ರಾಂತ್ಯ ರಚನೆ ನಡೆದಿದ್ದವು. ಆ ಗೆರೆಗಳನ್ನು ಮಂಡ್ಯದ ಹೊಲಿಗೆ ಲೈನಿನ ಮೇಲೆ ಎಳೆದರೆ ಕೂರುವುದಿಲ್ಲ.

ತಲೆಮಾರು ಎಂಬ ಮಾತಿಗೆ ಶಾಸ್ತ್ರದ ಅಡಿಪಾಯ ಹಾಕಿದ ಹಂಗೇರಿ ಮೂಲದ ಸಮಾಜಶಾಸ್ತ್ರಜ್ಞ ಕಾರ್ಲ್ ಮ್ಯಾನ್‌ಹೈಮ್ 1928ರಲ್ಲೇ ಒಂದು ಎಚ್ಚರಿಕೆ ಕೊಟ್ಟಿದ್ದರು. ಒಂದೇ ವರ್ಷ ಹುಟ್ಟಿದ ಮಾತ್ರಕ್ಕೆ ಒಂದು ತಲೆಮಾರಾಗುವುದಿಲ್ಲ, ಹರೆಯದಲ್ಲಿ ಒಂದೇ ಘಟನೆಗಳ ಬಿಸಿ ಒಟ್ಟಿಗೆ ತಾಗಿರಬೇಕು. 1998ರಲ್ಲಿ ಜಯನಗರದಲ್ಲಿ ಹುಟ್ಟಿದವರಿಗೂ ಅದೇ ವರ್ಷ ಕೊಪ್ಪಳದ ಹಳ್ಳಿಯಲ್ಲಿ ಹುಟ್ಟಿದವರಿಗೂ ಹರೆಯ ಒಂದೇ ಆಗಿತ್ತೆ? ಇನ್ನು ಫೋನಿನ ಮಾತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದಾಗ ಎಷ್ಟೋ ಮನೆಗಳಲ್ಲಿ ಅಪ್ಪನೂ ಮಗಳೂ ಒಟ್ಟಿಗೇ ಸ್ಮಾರ್ಟ್‌ಫೋನ್ ಹಿಡಿದರು. ಅಲ್ಲಿ ಯಾರು "ಡಿಜಿಟಲ್ ತಲೆಮಾರು"?

ಆ ಪಟ್ಟಿ ಹುಟ್ಟಿದ ಅಮೆರಿಕದಲ್ಲೇ ಈಗ ಇದರ ಮೇಲೆ ಅನುಮಾನವಿದೆ. ಕೆಲಸಗಾರರನ್ನು ನಿಭಾಯಿಸಲು ಈ ವಿಂಗಡಣೆ ಉಪಯೋಗಕ್ಕೆ ಬಾರದು ಎಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಸಮಿತಿ 2020ರಲ್ಲಿ ವರದಿ ಕೊಟ್ಟಿತು. 1981–96 ಮಿಲೆನಿಯಲ್, 1997ರಿಂದ ಜೆನ್ ಝಡ್ ಎಂಬ ಗಡಿಗಳನ್ನು ಜನಪ್ರಿಯಗೊಳಿಸಿದ ಪ್ಯೂ ಸಂಶೋಧನಾ ಕೇಂದ್ರವೂ 2023ರಲ್ಲಿ, ಈ ಹೆಸರುಗಳನ್ನು ಇನ್ನು ಮುಂದೆ ಹಿಡಿತದಿಂದ ಬಳಸುತ್ತೇವೆ ಎಂದಿತು. ಕಾರಣ ಸರಳ. ಇಂದಿನ 23ರವರನ್ನು ಇಂದಿನ 50ರವರ ಪಕ್ಕ ನಿಲ್ಲಿಸಿ ಅಳೆದರೆ ಸಿಗುವ ವ್ಯತ್ಯಾಸ ತಲೆಮಾರಿನದೋ, ಬರೀ ವಯಸ್ಸಿನದೋ ಗೊತ್ತಾಗುವುದಿಲ್ಲ. ಇಂದಿನ 23ರವರನ್ನು ಅಂದಿನ 23ರವರ ಜೊತೆ ಹೋಲಿಸಬೇಕು. ಮದುವೆ, ಸಾಲ, ಮಕ್ಕಳ ಶಾಲೆ ಇಲ್ಲದ ವಯಸ್ಸಿನಲ್ಲಿ ಕೆಲಸ ಬದಲಿಸುವುದು ಆಗಲೂ ಇತ್ತು.

ನಿಮ್ಮ ಕಾರ್ಖಾನೆಯ ಮಟ್ಟಿಗೆ ಉತ್ತರ ನಿಮ್ಮ ರಿಜಿಸ್ಟರಿನಲ್ಲೇ ಇದೆ. ಕಳೆದ 12 ತಿಂಗಳಲ್ಲಿ ಬಿಟ್ಟವರ ಹೆಸರು ಬರೆದು ಪಕ್ಕದಲ್ಲಿ ನಾಲ್ಕು ಕಾಲಂ ಹಾಕಿ: ಎಷ್ಟು ತಿಂಗಳು ದುಡಿದರು, ಯಾವ ಲೈನ್, ಯಾವ ಸೂಪರ್‌ವೈಸರ್, ಮನೆಯಿಂದ ಎಷ್ಟು ದೂರ. ವಯಸ್ಸಿನ ಕಾಲಂ ಕೊನೆಗೆ ಹಾಕಿ. ಬಿಟ್ಟವರೆಲ್ಲ ಒಂದೇ ಸೂಪರ್‌ವೈಸರ್ ಕೆಳಗೆ ಸೇರಿಕೊಂಡಿದ್ದರೆ, ಅಥವಾ ಬೆಳಗಿನ ವಾಹನ ಬಾರದ ಊರುಗಳವರೇ ಆಗಿದ್ದರೆ, ಆ ಪಟ್ಟಿಯನ್ನು ಮ್ಯಾನೇಜರ್ ಮೇಜಿನ ಮೇಲಿಡಿ. "ಜೆನ್ ಝಡ್" ಎಂದು ಹೇಳಿ ಮುಗಿಸಿದರೆ ಆ ವಾಹನದ ವಿಷಯ ಯಾರೂ ಎತ್ತುವುದಿಲ್ಲ, ನಮಗೆ ಬೇಸರವಾಗುವುದು ಅದಕ್ಕೇ.

ಪ್ರಶ್ನೆ: ನಮ್ಮ ಸೀನಿಯರ್ ಐದೈದು ನಿಮಿಷದ ವಾಯ್ಸ್ ಮೆಸೇಜ್ ಕಳಿಸುತ್ತಾರೆ, ರಾತ್ರಿ ಹತ್ತಕ್ಕೂ. ನಾನು ಥಂಬ್ಸ್ ಅಪ್ ಹಾಕಿದರೆ ಉಡಾಫೆ ಅಂತಾರೆ. (ಹುಬ್ಬಳ್ಳಿ)

ಉತ್ತರ: ಗುಂಪಿನವರೆಲ್ಲ ಕೂತು ಮೂರು ನಿಯಮ ಒಪ್ಪಿಕೊಳ್ಳಿ. ತುರ್ತಿದ್ದರೆ ಫೋನ್. ತುರ್ತಿಲ್ಲದ್ದು ಸಂಜೆ 7ರ ಮೇಲೆ ಬಂದರೆ ಉತ್ತರ ಮರುದಿನ. ವಾಯ್ಸ್ ಮೆಸೇಜ್ ಒಂದು ನಿಮಿಷದೊಳಗೆ, ಮತ್ತು ದಿನಾಂಕ, ಮೊತ್ತ, ಹೆಸರು ಇದ್ದರೆ ಅವನ್ನು ಒಂದು ಸಾಲಿನಲ್ಲಿ ಬರೆಯಲೇಬೇಕು. ಮಾತಲ್ಲಿ "ಹದಿನೈದು", "ಇಪ್ಪತ್ತೈದು" ಕಲಸಿಹೋಗುತ್ತವೆ, ಆಮೇಲೆ ಹುಡುಕಲೂ ಬರುವುದಿಲ್ಲ. ನೀವೂ ಥಂಬ್ಸ್ ಅಪ್ ಬದಲು "ಸರಿ ಸರ್, ಬುಧವಾರ ಮಧ್ಯಾಹ್ನಕ್ಕೆ ಕೊಡ್ತೀನಿ" ಎಂದು ಬರೆಯಿರಿ. ಹೆಬ್ಬೆರಳಿನಿಂದ ನೋಡಿದ್ದು ಗೊತ್ತಾಗುತ್ತದೆ, ಒಪ್ಪಿದ್ದು ಗೊತ್ತಾಗುವುದಿಲ್ಲ. ದೊಡ್ಡವರು ಸಣ್ಣ ಅಕ್ಷರ ಒತ್ತಲು ಕಷ್ಟಪಟ್ಟು ವಾಯ್ಸ್ ಕಳಿಸುತ್ತಿದ್ದರೆ, ಮಾತಾಡಿದ್ದನ್ನು ಕನ್ನಡದಲ್ಲಿ ಅಕ್ಷರ ಮಾಡುವ ಮೈಕ್ ಗುರುತು ಕೀಬೋರ್ಡಿನಲ್ಲೇ ಇದೆ ಎಂದು ತೋರಿಸಿಕೊಡಿ.

ಪ್ರಶ್ನೆ: ಪೀಣ್ಯದಲ್ಲಿ ನನ್ನದು ಸಣ್ಣ ಮೆಷಿನ್ ಶಾಪ್. ಲೋಹ ಕಡೆಯುವ ಲೇತ್ ಯಂತ್ರದಲ್ಲಿ 35 ವರ್ಷ ಪಳಗಿದ ಟರ್ನರ್ ಇನ್ನು 14 ತಿಂಗಳಲ್ಲಿ ನಿವೃತ್ತಿ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಹುಡುಗರಿಗೆ ಕಲಿಸಿ ಅಂದರೆ "ಅವರಿಗೆ ಬಟನ್ ಒತ್ತೋದು ಬಿಟ್ಟು ಏನೂ ಬೇಡ" ಅನ್ನುತ್ತಾರೆ. ಹುಡುಗರು "ಅವರು ಹೇಳಿಕೊಡಲ್ಲ, ಬೈತಾರೆ" ಅನ್ನುತ್ತಾರೆ. (ಬೆಂಗಳೂರು)

ಉತ್ತರ: 14 ತಿಂಗಳು ಒಳ್ಳೆಯ ಅವಧಿ. ಆದರೆ ಈ ತಿಂಗಳೇ ಶುರು ಮಾಡಿ, ಕೊನೆಯ ಎರಡು ತಿಂಗಳಿಗೆ ಬಿಟ್ಟರೆ ಬೀಳ್ಕೊಡುಗೆಯ ಹಾರ ಮಾತ್ರ ಉಳಿಯುತ್ತದೆ.

"ನಿಮಗೆ ಗೊತ್ತಿರೋದನ್ನೆಲ್ಲ ಬರೆದುಕೊಡಿ" ಎಂದು ಕೇಳಬೇಡಿ. ಕೈಗೆ ಗೊತ್ತಿರುವುದು ಹಾಗೆ ಕಾಗದಕ್ಕೆ ಇಳಿಯುವುದಿಲ್ಲ. "ಬೇಕಾದಷ್ಟು ಕಟ್ ಕೊಡಬೇಕು" ಎಂಬಂಥ ಸಾಲು ಬರುತ್ತದೆ, ಯಾರಿಗೂ ಪ್ರಯೋಜನವಿಲ್ಲ. ಅದರ ಬದಲು ಕಳೆದ ಆರು ತಿಂಗಳ ರಿಜೆಕ್ಷನ್ ರಿಜಿಸ್ಟರ್ ತೆಗೆದು, ಹೆಚ್ಚು ವಾಪಸ್ ಬಂದ ಹತ್ತು ಜಾಬ್ (ಕಡೆದು ಮಾಡುವ ಬಿಡಿಭಾಗ) ಆರಿಸಿ. ಒಂದೊಂದು ಜಾಬ್ ಹಿಡಿದು ಕೇಳಿ.

ಉದಾಹರಣೆಗೆ ತೆಳು ಗೋಡೆಯ ಬುಷ್, ಅಂದರೆ ಶಾಫ್ಟ್ ಕೂರುವ ಉಂಗುರ. ಮೂರು ಜಾ (ಹಿಡಿಯುವ ಹಲ್ಲು) ಇರುವ ಚಕ್‌ನಲ್ಲಿ ಬಿಗಿಯಾಗಿ ಹಿಡಿದಾಗ ಉಂಗುರ ಮೂರು ಕಡೆ ಒಳಕ್ಕೆ ಒತ್ತುತ್ತದೆ. ಆ ಸ್ಥಿತಿಯಲ್ಲಿ ಬೋರ್ ಮಾಡಿದರೆ, ಅಂದರೆ ಒಳಗಡೆ ಕಡೆದರೆ, ತೂತು ದುಂಡಗೇ ಬರುತ್ತದೆ. ಚಕ್ ಸಡಿಲಿಸಿದ ಕೂಡಲೇ ಗೋಡೆ ಹಿಂದಕ್ಕೆ ಚಿಮ್ಮಿ ತೂತು ಮೂರು ಮೂಲೆಯ ಆಕಾರಕ್ಕೆ ತಿರುಗುತ್ತದೆ. ಹುಡುಗ ತೂತಿನ ಎದುರುಬದುರು ದೂರ ಅಳೆಯುವ ಎರಡು ಬಿಂದುವಿನ ಬೋರ್ ಗೇಜ್ ಹಾಕಿ ನೋಡಿದರೆ ಎಲ್ಲ ಕಡೆ ಹೆಚ್ಚುಕಡಿಮೆ ಅದೇ ಅಳತೆ, ಏಕೆಂದರೆ ಇಂಥ ಮೂರು ಉಬ್ಬಿನ ಆಕಾರದಲ್ಲಿ ಎದುರುಬದುರು ದೂರ ಹೆಚ್ಚು ಬದಲಾಗುವುದಿಲ್ಲ. ಶಾಫ್ಟ್ ಹಾಕಿದಾಗ ಮಾತ್ರ ಕಚ್ಚುತ್ತದೆ. ಹಳೇ ಟರ್ನರ್ ಏನು ಮಾಡುತ್ತಾರೆ? ಫಿನಿಶಿಂಗ್ ಕಟ್‌ಗೆ ಮುಂಚೆ ಚಕ್ ಕೀಲಿಯನ್ನು ಒಂದಿಷ್ಟು ಸಡಿಲಿಸಿ, ಡಯಲ್ ಇಟ್ಟು ನೋಡಿ, ಸಣ್ಣ ಕಟ್ ಕೊಡುತ್ತಾರೆ. ಅಥವಾ ಜಾಬ್‌ನ ಅಳತೆಗೇ ಬೋರ್ ಮಾಡಿದ ಸಾಫ್ಟ್ ಜಾ (ಮೆದು ಲೋಹದ ಹಲ್ಲು) ಹಾಕುತ್ತಾರೆ. ಸಿಎನ್‌ಸಿಯಲ್ಲಿ ಇದೇ ಕೆಲಸಕ್ಕೆ ಹೈಡ್ರಾಲಿಕ್ ಚಕ್‌ನ ಒತ್ತಡ ಇಳಿಸಬೇಕು, ತಯಾರಕರು ಹೇಳಿದ ಕನಿಷ್ಠ ಒತ್ತಡಕ್ಕಿಂತ ಕೆಳಗೆ ಮಾತ್ರ ಹೋಗಬಾರದು, ಜಾಬ್ ಹಾರುತ್ತದೆ. ಇದು ಹುಡುಗರಿಗೆ ಗೊತ್ತಾದ ದಿನ ಅವರೇ ಹಿರಿಯರ ಹಿಂದೆ ಬರುತ್ತಾರೆ.

ನಡೆಸುವ ಕ್ರಮ ಹೀಗಿರಲಿ. ವಾರಕ್ಕೆ ಎರಡು ದಿನ, ಶಿಫ್ಟ್ ಒಳಗೇ ಒಂದು ಗಂಟೆ. ಆ ಗಂಟೆಗೆ ಇಬ್ಬರಿಗೂ ಪೂರ್ತಿ ಉತ್ಪಾದನೆ ಲೆಕ್ಕ ಕೊಡಿ. ಇನ್ಸೆಂಟಿವ್ ಕಳೆದುಕೊಂಡು ಯಾರೂ ಕಲಿಸುವುದಿಲ್ಲ, ಕಲಿಯುವುದೂ ಇಲ್ಲ. ಮಾತು ಹಿರಿಯರದು, ಬರವಣಿಗೆ ಹುಡುಗನದು: ಡ್ರಾಯಿಂಗ್ ನಂಬರ್, ಹಿಡಿಯುವ ರೀತಿ, ಎಲ್ಲಿ ಕೆಡುತ್ತದೆ, ಕೆಡುವ ಮುನ್ನ ಏನು ಕೇಳಿಸುತ್ತದೆ. ಒಂದು ಜಾಬ್‌ಗೆ ಒಂದೇ ಕಾರ್ಡ್. ಮೊಬೈಲಿನಲ್ಲಿ ಎರಡು ಮೂರು ನಿಮಿಷದ ವೀಡಿಯೋ ತೆಗೆಯಿರಿ, ಮುಖದ ಬದಲು ಚಕ್ ಮತ್ತು ಕೈ ಕಾಣಲಿ. ಫೋನನ್ನು ಸ್ಟ್ಯಾಂಡ್‌ಗೆ ಕಟ್ಟಿ, ತಿರುಗುವ ಚಕ್ ಹತ್ತಿರ ಕೈಯಲ್ಲಿ ಹಿಡಿದು ಯಾರೂ ನಿಲ್ಲಬಾರದು. ಮೂರನೇ ಸಲಕ್ಕೆ ಪಾತ್ರ ಬದಲಿಸಿ. ಹುಡುಗ ಸೆಟ್ ಮಾಡಲಿ, ಹಿರಿಯರು ಕೈ ಹಿಂದೆ ಕಟ್ಟಿಕೊಂಡು ಮೊದಲ ಪೀಸ್ ಮುಗಿಯುವವರೆಗೆ ನೋಡಲಿ. ಅಪಾಯವಿದ್ದರೆ ಮಾತ್ರ ನಿಲ್ಲಿಸಲಿ.

ಹುಡುಗರಿಂದ ಹಿರಿಯರಿಗೂ ಹೋಗಬೇಕಾದದ್ದಿದೆ. ಶಾಫ್ಟ್ 25.00 ಬರಬೇಕಾದಲ್ಲಿ 25.04 ಬಂದರೆ ಸಿಎನ್‌ಸಿಯ ವೇರ್ ಆಫ್‌ಸೆಟ್‌ನಲ್ಲಿ (ಉಳಿ ಸವೆದಷ್ಟು ಅಳತೆ ಸರಿಪಡಿಸುವ ಜಾಗ) ಎಕ್ಸ್‌ಗೆ ಮೈನಸ್ 0.04 ಹಾಕುತ್ತಾರೆ, ಏಕೆಂದರೆ ಅಲ್ಲಿನ ಲೆಕ್ಕ ಸಾಮಾನ್ಯವಾಗಿ ವ್ಯಾಸದ್ದು. ಹಳೆಯ ಲೇತ್‌ನ ಎಷ್ಟೋ ಹಿಡಿಗಳಲ್ಲಿ ಗೆರೆ ತ್ರಿಜ್ಯದ್ದು. ಆ ಅಭ್ಯಾಸದಲ್ಲಿ 0.02 ಹಾಕಿದರೆ ಅರ್ಧ ಕೆಲಸವಾಗುತ್ತದೆ, 0.04ಕ್ಕೆ ಮೈನಸ್ ಮರೆತು ಪ್ಲಸ್ ಹಾಕಿದರೆ ಶಾಫ್ಟ್ 25.08 ಆಗುತ್ತದೆ. ಹಿರಿಯರಿಗೆ ಇದನ್ನು ಹೇಳಿಕೊಡುವ ಹುಡುಗ ಬೈಗುಳಕ್ಕೆ ಬೇರೆ ಕಿವಿ ಕೊಡುತ್ತಾನೆ.

ಕೊನೆಯದಾಗಿ ಬೈಗುಳದ ಹಿಂದಿನ ಭಯ. ಕಲಿಸಿ ಮುಗಿದ ಮರುದಿನ ತನ್ನ ಅಗತ್ಯ ಮುಗಿಯಿತು ಎಂದು ಅವರಿಗೆ ಅನ್ನಿಸುತ್ತಿರಬಹುದು. ನಿವೃತ್ತಿಯ ನಂತರ ವಾರಕ್ಕೆ ಎರಡು ದಿನ ಕರೆಸುವ ಯೋಚನೆ ನಿಜವಾಗಿ ಇದ್ದರೆ ದಿನಗೂಲಿ ಎಷ್ಟೆಂದು ನಮೂದಿಸಿ ಪತ್ರ ಕೊಡಿ. ಇಲ್ಲದಿದ್ದರೆ ಆಸೆ ಹುಟ್ಟಿಸಬೇಡಿ.

ಪ್ರಶ್ನೆ: ನಾನು ಸರ್ಕಾರಿ ಪದವಿ ಕಾಲೇಜಿನಲ್ಲಿ ಹಿರಿಯ ಪ್ರಾಧ್ಯಾಪಕ. ನಮ್ಮ ಕಾಲದಲ್ಲಿ ಸಂಜೆ ಆರರವರೆಗೆ ಇರುತ್ತಿದ್ದೆವು. ಈಗಿನವರಿಗೆ ಬೆಲ್ ಆದರೆ ಸಾಕು. ಈ ತಲೆಮಾರಿಗೆ ನಿಷ್ಠೆ ಬರಿಸುವುದು ಹೇಗೆ? (ದಾವಣಗೆರೆ)

ಉತ್ತರ: ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ನಿಮ್ಮ ಸ್ಟಾಫ್ ರೂಮಿನಲ್ಲಿ ಕೂತಿರುವುದು ಮೂರು ಬಗೆಯ ನೌಕರಿ. 2006ರ ಏಪ್ರಿಲ್ 1ಕ್ಕೆ ಮುಂಚೆ ರಾಜ್ಯ ಸೇವೆಗೆ ಸೇರಿದವರಿಗೆ ಹಳೇ ಪಿಂಚಣಿ. ಆಮೇಲೆ ಸೇರಿದ ಹೆಚ್ಚಿನವರಿಗೆ ಎನ್‌ಪಿಎಸ್ ಎಂಬ ಹೊಸ ಪಿಂಚಣಿ: ಪ್ರತಿ ತಿಂಗಳು ಮೂಲ ವೇತನ ಮತ್ತು ತುಟ್ಟಿಭತ್ಯೆಯ 10 ಪ್ರತಿಶತ ಕಡಿತ, ಕೊನೆಗೆ ಸಿಗುವುದು ಮಾರುಕಟ್ಟೆಯ ಮೇಲೆ. ಮೂರನೆಯವರು ಅತಿಥಿ ಉಪನ್ಯಾಸಕರು, ಅವರಿಗೆ ಗೌರವಧನ, ಮುಂದಿನ ವರ್ಷ ಇದೇ ಕಾಲೇಜೋ ಇಲ್ಲವೋ ತಿಳಿಯದು. ಅವರು ಬೆಲ್ ಆದ ಕೂಡಲೇ ಹೊರಡುವುದು ಇನ್ನೊಂದು ಕಡೆ ಪಾಠ ಮಾಡಲು ಇರಬಹುದು. ಇದನ್ನು ವಯಸ್ಸಿನ ಲೆಕ್ಕಕ್ಕೆ ಬರೆದರೆ ಅನ್ಯಾಯ.

ನ್ಯಾಕ್ (ಕಾಲೇಜಿನ ಗುಣಮಟ್ಟ ಅಳೆಯುವ ಸಂಸ್ಥೆ) ಕಡತ, ಪ್ರವೇಶಾತಿ, ಎನ್‌ಎಸ್‌ಎಸ್, ಪರೀಕ್ಷಾ ಕೆಲಸ, ವೆಬ್‌ಸೈಟ್, ಹೀಗೆ ಪಾಠದ ಹೊರಗಿನ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಕಳೆದ ಎರಡು ವರ್ಷ ಯಾರು ಮಾಡಿದರು, ಎಷ್ಟು ಗಂಟೆ ಹಿಡಿಯಿತು ಎಂದು ನಮೂದಿಸಿ. "ಕಂಪ್ಯೂಟರ್ ಬರುತ್ತಲ್ಲ" ಎಂದು ಅರ್ಧಕ್ಕರ್ಧ ಕಿರಿಯರ ತಲೆಗೆ ಕಟ್ಟಿದ್ದರೆ ಆ ಹಾಳೆಯಲ್ಲಿ ಕಾಣುತ್ತದೆ. ಅಲ್ಲಿಂದ ಪಾಳಿ ಹಾಕಿ, ಖಾಯಂ ನೌಕರರಿಂದ ಶುರು ಮಾಡಿ. ನಿಮ್ಮ ಹೆಸರನ್ನೂ ಪಾಳಿಯಲ್ಲಿ ಬರೆಯಿರಿ.

ಪ್ರಶ್ನೆ: ತಾಲ್ಲೂಕು ಮಟ್ಟದ ಕಚೇರಿ. ಹಿರಿಯ ಗುಮಾಸ್ತರು ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ ಮಿಂಚಿನಂತೆ ಟೈಪ್ ಮಾಡುತ್ತಾರೆ, ಆದರೆ ಅವರ ಫೈಲ್ ಬೇರೆ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹೊಸಬರು "ಅವರಿಗೆ ಗೊತ್ತಿಲ್ಲ" ಅಂತಾರೆ, ಅವರು "ಇವರಿಗೆ ಕನ್ನಡ ಟೈಪಿಂಗೇ ಬರಲ್ಲ" ಅಂತಾರೆ. (ಚಿತ್ರದುರ್ಗ)

ಉತ್ತರ: ಇಬ್ಬರೂ ಪರಸ್ಪರರ ಮೇಲೆ ಹೊರಿಸುತ್ತಿರುವ ತಪ್ಪು ಫಾಂಟಿನದು. ನುಡಿಯ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿಕೊಂಡಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಮೂಲದ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. ಯೂನಿಕೋಡಿನಲ್ಲಿ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತವಿದೆ, ಹಾಗಾಗಿ ಎಲ್ಲಿ ತೆರೆದರೂ ಕನ್ನಡವೇ.

ಹಿರಿಯರ ಬೆರಳಿನ ಅಭ್ಯಾಸ ಬದಲಿಸಬೇಕಿಲ್ಲ. ನುಡಿಯ ಹೊಸ ಆವೃತ್ತಿಯಲ್ಲಿ ಅದೇ ಕೀಲಿಮಣೆಯಲ್ಲಿ ಯೂನಿಕೋಡ್ ಬರೆಯಬಹುದು, ಒತ್ತಕ್ಷರಕ್ಕೆ ಅದೇ ಎಫ್ ಕೀಲಿ. ಅವರನ್ನು ಇನ್‌ಸ್ಕ್ರಿಪ್ಟ್ ಎಂಬ ಬೇರೆ ಕೀಲಿಮಣೆಗೆ ದೂಡಿದರೆ ಆ ಕೆಲಸ ಡಿ ಕೀಲಿಗೆ ಹೋಗುತ್ತದೆ, ಉಳಿದವೂ ಅದಲುಬದಲು, ತಿಂಗಳುಗಟ್ಟಲೆ ವೇಗ ಬೀಳುತ್ತದೆ. ಕೂತು ನುಡಿಯ ಆಯ್ಕೆ ಬದಲಿಸಿ, ಯೂನಿಕೋಡ್ ಫಾಂಟ್ ಹಾಕಿಕೊಡುವುದು ಹೊಸಬರ ಕೆಲಸ. ಬದಲಿಗೆ ಅವರು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮಾಡುವುದನ್ನು ಬಿಟ್ಟು, ದಿನಕ್ಕೆ 20 ನಿಮಿಷ ಹಿರಿಯರ ಪಕ್ಕ ಕೂತು ನುಡಿ ಕೀಲಿಮಣೆ ಕಲಿಯಲಿ.

ಹಳೇ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕುವಾಗ ಮೂಲ ಪ್ರತಿ ಅಳಿಸಬೇಡಿ. ಪರಿವರ್ತಿಸಿದ್ದನ್ನು ಹಿರಿಯರೇ ಓದಬೇಕು, ಸರ್ಕಾರಿ ಪದಗಳ ಮೇಲೆ ಅವರ ಕಣ್ಣು ಪಳಗಿದೆ. ಹೆಚ್ಚು ಕೆಡುವುದು ಅರ್ಕಾವತ್ತು: ಹಳೇ ಫಾಂಟಿನಲ್ಲಿ ಅದರ ಸಂಕೇತ ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಆದ್ದರಿಂದ "ಕಾರ್ಯದರ್ಶಿ", "ವರ್ಗಾವಣೆ", "ಅರ್ಜಿ" ಇಂಥ ಪದಗಳನ್ನು ಹುಡುಕಿ ನೋಡಿ. ಆಮೇಲೆ ಜನರ ಹೆಸರು, ಸರ್ವೆ ನಂಬರ್, ಮೊತ್ತ, ಈ ಮೂರನ್ನು ಒಬ್ಬರು ಮೂಲದಿಂದ ಗಟ್ಟಿಯಾಗಿ ಓದಿ, ಇನ್ನೊಬ್ಬರು ಹೊಸ ಪ್ರತಿಯಲ್ಲಿ ಬೆರಳಿಟ್ಟು ತಾಳೆ ನೋಡಲಿ.